‘ಒಲ್ಲೆ’ ಅಂದರೆ ಏನು? ಕಲಬುರಗಿಯ ಒಬ್ಬ ಹುಡುಗಿಯ ಪ್ರಕರಣ

ತಾಯಿ ಮೊದಲ ಸಲ ನನ್ನ ಹತ್ತಿರ ಬಂದಾಗ ಮಗಳನ್ನು ಕರೆತಂದಿರಲಿಲ್ಲ. ‘ಬಾ ಅಂದ್ರ ಬರಂಗಿಲ್ರಿ ಮೇಡಂ. ಅದಕ್ಕೇ ನಾನೇ ಬಂದೀನಿ’ ಅಂದರು. ಎಡಗೈ ಮೇಲೆ ಹಲ್ಲಿನ ಗುರುತಿತ್ತು. ಸೆರಗಿನಿಂದ ಅದನ್ನು ಮುಚ್ಚಿಕೊಂಡೇ ಒಂದು ಗಂಟೆ ಮಾತಾಡಿದರು.

ನಾನು ಕಲಬುರಗಿಯಲ್ಲಿ ವಿಶೇಷ ಶಿಕ್ಷಕಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಹೋಗುವ ಒಂದು ಸಣ್ಣ ಕೋಣೆ ನನ್ನದು. ಈ ಹುಡುಗಿಗೆ ಆಗ ಒಂಬತ್ತು ವರ್ಷ. ಅಣ್ಣ ಕರೆಯುವ ಹಾಗೆ ಮನೆಯವರೆಲ್ಲ ‘ತಂಗಿ’ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅಪ್ಪ ಗಂಜ್‌ನಲ್ಲಿ ತೊಗರಿ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹದಿನಾಲ್ಕು ವರ್ಷದ ಅಣ್ಣ, ಎಪ್ಪತ್ತು ದಾಟಿದ ಆಯಿ, ಅಂದರೆ ಅಪ್ಪನ ತಾಯಿ.

ತಂಗಿ ಬರುವುದಿಲ್ಲ ಅಂದಮೇಲೆ ನಾನೇ ಹೋಗಬೇಕಾಯಿತು. ಬೆಳಿಗ್ಗೆ ಏಳೂವರೆ. ಅವಳು ಕಟ್ಟೆ ಮೇಲೆ ಕೂತು ಇರುವೆ ಸಾಲು ನೋಡುತ್ತಿದ್ದಳು. ತಾಯಿ ಬಾಚಣಿಗೆ, ರಿಬ್ಬನ್ ಹಿಡಿದು ಬಂದರು.

‘ಬಾ, ಜಡಿ ಹಾಕ್ತೀನಿ.’

‘ಒಲ್ಲೆ.’

‘ಸಾಲಿಗಿ ಹೊತ್ತಾಗ್ಲಾಕತ್ತದ.’

‘ಕಾಲ ನೋಯ್ಲಾಕತ್ತಾವ.’

‘ಜಡಿ ಹಾಕ್ಲಾಕ ಕಾಲೆದಕ ಬೇಕು?’

‘ನಾ ಬೆಕ್ಕ. ಬೆಕ್ಕಿಗಿ ಜಡಿ ಇರಂಗಿಲ್ಲ.’

ನನಗೆ ನಗು ಬಂತು. ತಾಯಿ ನಗಲಿಲ್ಲ. ಮುಂದಿನದು ಅವರಿಗೆ ಗೊತ್ತಿತ್ತು. ಬಾಚಣಿಗೆ ಕೂದಲಿಗೆ ತಾಗಿದ್ದೇ ತಡ, ತಂಗಿ ಚೀರಿ, ಕೈಗೆ ಸಿಕ್ಕಿದ್ದನ್ನು ಎಸೆದು, ಮಂಚದ ಕೆಳಗೆ ಸೇರಿಕೊಂಡಳು. ಹತ್ತಿರ ಹೋದವರಿಗೆ ಒದ್ದಳು, ಉಗುಳಿದಳು. ನಾನು ನೆಲದ ಮೇಲೆ ಸ್ವಲ್ಪ ದೂರದಲ್ಲಿ ಸುಮ್ನೆ ಕೂತೆ. ಅವಳ ಮುಖದಲ್ಲಿ ಸಿಟ್ಟು ಹುಡುಕಿದರೆ ನನಗೆ ಕಂಡದ್ದು ಭಯ. ಕಣ್ಣು ಅಗಲ, ತುಟಿ ಬಿಳಿ, ಉಸಿರು ನಾಯಿ ತೇಕಿದ ಹಾಗೆ. ಇಪ್ಪತ್ತು ನಿಮಿಷದ ಮೇಲೆ ತಾನೇ ಹೊರಗೆ ಬಂದಳು. ತಾಯಿಯ ಕೈ ಮುಟ್ಟಿ ‘ಅವ್ವಾ, ನಿನಗ ಬಡದೆನಾ?’ ಅಂತ ಕೇಳಿದಳು. ಆ ಪ್ರಶ್ನೆ ನಟನೆಯಾಗಿರಲಿಲ್ಲ.

ಬೇಡವಾದ ಕೆಲಸಕ್ಕೆ ಒಲ್ಲೆ ಅನ್ನುವ ಮಕ್ಕಳು ಮನೆಗೊಬ್ಬರು ಇರುತ್ತಾರೆ. ತಂಗಿ ತನಗೆ ಇಷ್ಟವಾದದ್ದಕ್ಕೂ ಒಲ್ಲೆ ಅನ್ನುತ್ತಿದ್ದಳು. ಒಂದು ಭಾನುವಾರ ನಮ್ಮೂರಿನ ‘ಅಪ್ಪನ ಕೆರೆ’ಗೆ (ಶರಣಬಸವೇಶ್ವರ ಕೆರೆಗೆ) ಹೋಗಬೇಕೆಂದು ವಾರವಿಡೀ ಪಟ್ಟು ಹಿಡಿದವಳು ಅವಳೇ. ಯಾವ ಅಂಗಿ, ಯಾವ ಐಸ್‌ಕ್ರೀಂ ಎಲ್ಲ ನಿಕ್ಕಿ ಮಾಡಿದ್ದಳು. ಅಪ್ಪ ಗಾಡಿ ಚಾಲೂ ಮಾಡಿ ‘ನಡಿ, ಹೋಗಮು’ ಅಂದರು. ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೋಗಬೇಕು ಅಂತ ಅಳುತ್ತಿದ್ದಳು, ಕಾಲು ಮಾತ್ರ ಕದಲಲಿಲ್ಲ. ಅಪ್ಪನಿಗೆ ಇದು ಬೇಕಂತಲೇ ಕಾಡಿಸುವುದಾಗಿ ಕಂಡಿತು. ಎರಡು ಬಿಗಿದರು. ಈ ಒಂದು ಘಟನೆ ಕೇಳಿದ ಮೇಲೆಯೇ ನನಗೆ ಬೇರೆ ಏನೋ ಇದೆ ಅನ್ನಿಸಿದ್ದು. ಹಠ ಮಾಡುವ ಮಗು ತನಗೆ ಬೇಕಾದ್ದು ಸಿಕ್ಕ ಕೂಡಲೇ ಹಠ ಬಿಡುತ್ತದೆ, ಅಲ್ವಾ?

ಅಷ್ಟರಲ್ಲಿ ಊರೆಲ್ಲ ತನ್ನ ತೀರ್ಪು ಕೊಟ್ಟಾಗಿತ್ತು. ಒಬ್ಬಳೇ ಹೆಣ್ಣುಮಗಳು, ಮುದ್ದು ಜಾಸ್ತಿ ಆಗಿದೆ ಅಂದರು ಕೆಲವರು. ದೃಷ್ಟಿಯಾಗಿದೆ ಅಂತ ಆಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತರು, ಬಂದೇ ನವಾಜ್ ದರ್ಗಾದಿಂದ ತಾಯತ ತಂದರು. ಇದರಿಂದ ಕೆಡುಕೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ‘ಇದು ಮಗುವಿನ ತಪ್ಪಲ್ಲ’ ಎಂದು ಆ ಮನೆಯಲ್ಲಿ ಮೊದಲು ಹೇಳಿದ್ದು ದೃಷ್ಟಿ ತೆಗೆದ ಆಯಿಯೇ.

ತಾಯಿಯನ್ನು ಹೆಚ್ಚು ನೋಯಿಸಿದ್ದು ಶಾಲೆಯ ಮಾತು. ಅಲ್ಲಿ ತಂಗಿ ಬಂಗಾರದಂಥ ಹುಡುಗಿ. ಕೂತಲ್ಲಿಂದ ಏಳುವುದಿಲ್ಲ, ಎದುರು ಮಾತಿಲ್ಲ. ‘ನಮ್ಮಲ್ಲಿ ಸರಿ ಇರ್ತಾಳಂದ್ರ ತಪ್ಪು ನಿಮ್ಮ ಮನ್ಯಾಗೇ ಅದ ನೋಡ್ರಿ’ ಅಂದಿದ್ದರು. ಈ ಮಾತನ್ನು ಇಂಥ ಎಷ್ಟೋ ತಾಯಂದಿರು ಕೇಳಿದ್ದಾರೆ. ತಂಗಿಗೆ ಆಟಿಸಂ ಇದೆ ಎಂದು ಆಮೇಲೆ ಗೊತ್ತಾಯಿತು. ಹುಟ್ಟಿನಿಂದಲೇ ಮಿದುಳು ಬೇರೆ ರೀತಿ ಬೆಳೆಯುವ ಸ್ಥಿತಿ ಅದು. ಆಟಿಸಂ ಇರುವ ಅನೇಕ ಮಕ್ಕಳು, ಅದರಲ್ಲೂ ಹುಡುಗಿಯರು, ಹೊರಗೆ ಎಲ್ಲವನ್ನೂ ಅದುಮಿಟ್ಟುಕೊಂಡು ಉಳಿದವರ ಹಾಗೆ ನಡೆದುಕೊಳ್ಳುತ್ತಾರೆ. ನಮ್ಮ ಕಡೆ ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಇರುವ ಮನೆಯಲ್ಲಿ ಬೇಸಿಗೆ ಕಳೆದವರಿಗೆ ಇದು ಬೇಗ ತಿಳಿಯುತ್ತದೆ. ಕಲ್ಲು ಹಗಲೆಲ್ಲ ಕಾವು ಕುಡಿದುಕೊಂಡು ಸುಮ್ಮನಿರುತ್ತದೆ. ಹೊತ್ತು ಮುಳುಗಿದ ಮೇಲೆ ಕೆಳಗೆ ಮಲಗಿದವರ ಮೇಲೆ ಬಿಡುತ್ತದೆ. ತಂಗಿ ನಾಲ್ಕೂವರೆಗೆ ಮನೆಗೆ ಬಂದು ಚಪ್ಪಲಿ ಎಸೆಯುವಾಗ ಬಿಡುತ್ತಿದ್ದದ್ದು ಶಾಲೆಯ ಕಾವು.

ಹೆಸರು ಸಿಕ್ಕಿದ್ದು

ಮೊದಲು ಮಕ್ಕಳ ವೈದ್ಯರಿಗೆ ತೋರಿಸಲು ಹೇಳಿದೆ. ಕಿವಿ, ರಕ್ತ, ನಿದ್ದೆ ಎಲ್ಲ ನೋಡಿದರು. ಶಾಲೆಯಲ್ಲೋ ಟ್ಯೂಷನ್‌ನಲ್ಲೋ ಯಾರಾದರೂ ಹೊಡೆಯುವುದು, ಮುಟ್ಟುವುದು ಮಾಡುತ್ತಿದ್ದಾರಾ ಎಂದು ತಾಯಿ ಹತ್ತಿರ ನಾನೂ ಕೇಳಿದೆ. ಮಗು ಇದ್ದಕ್ಕಿದ್ದಂತೆ ಎಲ್ಲಕ್ಕೂ ಒಲ್ಲೆ ಅನ್ನಲು ಶುರುಮಾಡಿದರೆ ಇದು ಮೊದಲು ಕೇಳಬೇಕಾದ ಪ್ರಶ್ನೆ. ತಂಗಿಯದು ಹಾಗಲ್ಲ, ಎರಡು ವರ್ಷದವಳಿದ್ದಾಗಿನಿಂದಲೇ ಹೀಗೆ. ಆಮೇಲೆ ಹೈದರಾಬಾದಿಗೆ ಹೋಗಿ ಮಕ್ಕಳ ಮನೋವೈದ್ಯರಿಗೆ ತೋರಿಸಿದರು. ಮೂರು ಭೇಟಿಯ ನಂತರ ಆಟಿಸಂ ಎಂದು ಬರೆದುಕೊಟ್ಟರು. ಇನ್ನೊಂದು ಮಾತನ್ನು ಬರೆಯದೆ ಬಾಯಲ್ಲಿ ಹೇಳಿದರು: ಡಿಮ್ಯಾಂಡ್ ಅವಾಯ್ಡೆನ್ಸ್, ಅಂದರೆ ಏನಾದರೂ ಮಾಡು ಅಂದರೆ ತಪ್ಪಿಸಿಕೊಳ್ಳುವುದು, ತುಂಬಾ ಇದೆ.

ಬರೆಯದೇ ಇದ್ದದ್ದಕ್ಕೆ ಕಾರಣವಿದೆ. 1980ರ ದಶಕದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಲಿಜಬೆತ್ ನ್ಯೂಸನ್ ಎಂಬ ಮನಶ್ಶಾಸ್ತ್ರಜ್ಞೆ ಇಂಥ ಮಕ್ಕಳನ್ನು ಗುರುತಿಸಿದರು. ನೋಡಿದರೆ ಆಟಿಸಂ ಇದ್ದ ಹಾಗೆ, ಆದರೆ ಪೂರ್ತಿ ಹಾಗಲ್ಲ. ಮಾತು ಚುರುಕು, ವೇಷ ಹಾಕಿ ಆಡುವುದು ಇಷ್ಟ, ನೆಪ ಹೇಳುವುದರಲ್ಲಿ ಜಾಣರು. ದಿನನಿತ್ಯದ ಸಣ್ಣ ಸಣ್ಣ ಕೆಲಸ ಹೇಳಿದರೂ ತಪ್ಪಿಸಿಕೊಳ್ಳಲು ಏನು ಬೇಕಾದರೂ ಮಾಡುತ್ತಾರೆ. ಆಟಿಸಂ ಗುರುತಾಗುವವರಲ್ಲಿ ಹುಡುಗರೇ ಜಾಸ್ತಿ, ಆದರೆ ನ್ಯೂಸನ್ ನೋಡಿದ ಈ ಗುಂಪಿನಲ್ಲಿ ಹುಡುಗಿಯರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಅವರು ಇಟ್ಟ ಹೆಸರು ಪೆಥಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್, ಚಿಕ್ಕದಾಗಿ ಪಿಡಿಎ. 2003ರಲ್ಲಿ ಅವರ ವಿವರವಾದ ಲೇಖನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2014ರಲ್ಲಿ ಪೋಷಕರಿಗೆಂದು 26 ಪ್ರಶ್ನೆಗಳ ಒಂದು ಪಟ್ಟಿಯೂ ಬಂತು. ಅದು ಸಂಶೋಧನೆಗೆ ಮಾಡಿದ್ದು. ಅಂಕ ಕೂಡಿಸಿ ಮನೆಯಲ್ಲೇ ಕಾಯಿಲೆ ನಿರ್ಧರಿಸಲು ಅಲ್ಲ.

ಇಷ್ಟಾದರೂ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಾಗಲಿ, 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಾಗಲಿ ಪಿಡಿಎ ಬೇರೆ ಕಾಯಿಲೆಯಾಗಿ ಇಲ್ಲ. ಇದು ಆಟಿಸಂನ ಒಂದು ರೂಪ ಅನ್ನುವವರಿದ್ದಾರೆ. ಆತಂಕ ಮಿತಿಮೀರಿದಾಗ ಯಾವ ಮಗುವಾದರೂ ಹೀಗೆ ಮಾಡಬಹುದು, ಬೇರೆ ಹೆಸರೇಕೆ ಅನ್ನುವವರೂ ಇದ್ದಾರೆ. ‘ಪೆಥಲಾಜಿಕಲ್’ (ರೋಗದಂಥ) ಪದವೇ ಅವಮಾನ ಎಂದು ಹಲವರು ಎಕ್ಸ್‌ಟ್ರೀಮ್ (ಅತಿಯಾದ) ಡಿಮ್ಯಾಂಡ್ ಅವಾಯ್ಡೆನ್ಸ್ ಅನ್ನುತ್ತಾರೆ. ಹೆಸರಿನ ಜಗಳ ನಡೆಯಲಿ. ಬೆಳಿಗ್ಗೆ ಏಳೂವರೆಗೆ ಬಾಚಣಿಗೆ ಹಿಡಿದು ನಿಂತ ತಾಯಿಗೆ ಬೇಕಾದ್ದು ಒಂದೇ ತಿಳುವಳಿಕೆ: ಕೆಲಸಕ್ಕಿಂತ ‘ಮಾಡಬೇಕು’ ಅನ್ನುವುದೇ ಈ ಮಗುವಿಗೆ ಗಾಬರಿ. ಮುಂದೇನು ಗೊತ್ತಿಲ್ಲ, ಹಿಡಿತ ತನ್ನ ಕೈಯಲ್ಲಿಲ್ಲ ಅನ್ನಿಸಿದ ಕೂಡಲೇ ಮೈಯೆಲ್ಲ ಅಪಾಯ ಬಂದಂತೆ ವರ್ತಿಸುತ್ತದೆ. ‘ಮಾಡಬೇಕು’ ಅಂತ ತನ್ನ ಮನಸ್ಸೇ ಹೇಳಿದರೂ ಅಷ್ಟೇ. ಅಪ್ಪನ ಕೆರೆಯ ಕಥೆ ಅದೇ.

ಆಯಿ ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ನಾನು ಅರ್ಧ ಗಂಟೆ ವಿವರಿಸಿದ ಮೇಲೆ ಸೊಸೆ ಕಡೆ ತಿರುಗಿ, ‘ಹಂಗಾರ ಆಕಿ ಒಲ್ಲೆ ಅಂದ್ರ ನೀಗಂಗಿಲ್ಲ ಅಂತ ತಿಳ್ಕೋಬೇಕವಾ’ ಅಂದರು. ಒಲ್ಲೆ ಅಂದರೆ ಮನಸ್ಸಿಲ್ಲ. ನೀಗಂಗಿಲ್ಲ ಅಂದರೆ ಕೈಲಾಗುವುದಿಲ್ಲ. ಈ ಎರಡು ಮಾತನ್ನು ಆಮೇಲೆ ನಾನು ಎಷ್ಟೋ ಮನೆಗಳಲ್ಲಿ ಬಳಸಿದ್ದೇನೆ.

ನನ್ನ ಚಾರ್ಟ್ ಕೆಟ್ಟದ್ದು

ಅದಕ್ಕೂ ಮೊದಲು ನಾನೊಂದು ತಪ್ಪು ಮಾಡಿದ್ದೆ. ಅದನ್ನೂ ಹೇಳಲೇಬೇಕು. ಡಾಕ್ಟರ ಬಳಿ ಹೋಗುವ ಮುಂಚೆ, ನನಗೆ ಬರುವ ವಿದ್ಯೆಯಂತೆ ಒಂದು ಸ್ಟಾರ್ ಚಾರ್ಟ್ ಬರೆದುಕೊಟ್ಟಿದ್ದೆ. ಹಲ್ಲುಜ್ಜಿದರೆ ಒಂದು ನಕ್ಷತ್ರ, ಜಡೆ ಹಾಕಿಸಿಕೊಂಡರೆ ಒಂದು, ಹತ್ತಾದರೆ ಬಣ್ಣದ ಪೆನ್ಸಿಲ್ ಡಬ್ಬಿ. ಬೇರೆ ಎಷ್ಟೋ ಮಕ್ಕಳಿಗೆ ಇದು ಕೆಲಸ ಮಾಡಿದೆ. ತಂಗಿ ಎರಡು ದಿನ ಖುಷಿಯಿಂದ ಅಂಟಿಸಿದಳು. ಮೂರನೇ ದಿನ ಚಾರ್ಟ್ ಹರಿದು ಬಚ್ಚಲಿಗೆ ಹಾಕಿದಳು. ನಾಲ್ಕನೇ ದಿನದಿಂದ ಹಲ್ಲುಜ್ಜುವುದೂ ನಿಂತಿತು.

ಈಗ ಯೋಚಿಸಿದರೆ ಕಾಣುತ್ತದೆ. ಗೋಡೆ ಮೇಲಿನ ಖಾಲಿ ಚೌಕ ಒಂದೊಂದೂ ಅವಳಿಗೆ ಬಾಯಿಲ್ಲದ ಹುಕುಂ. ಬಹುಮಾನದ ಆಸೆ ಇದ್ದಷ್ಟೂ ಅದರ ಭಾರ ಜಾಸ್ತಿ. ಹೊಗಳಿಕೆಯೂ ಅಷ್ಟೇ. ಅವಳು ಬರೆದ ನವಿಲಿನ ಚಿತ್ರ ನೋಡಿ ‘ಶಾಬಾಶ್, ಎಷ್ಟು ಛಂದ ಬರೀತಿ’ ಅಂದುಬಿಟ್ಟೆ. ಅವಳು ನನ್ನನ್ನೇ ನೋಡುತ್ತಾ ಅದನ್ನು ನಾಲ್ಕು ತುಂಡು ಮಾಡಿದಳು. ಛಂದ ಬರೀತಿ ಅಂದರೆ ನಾಳೆಯೂ ಛಂದ ಬರೆಯಬೇಕು ಅಂತಲೇ ಅಲ್ವಾ? ನಂತರ ನಾನು ಅವಳೆದುರು ಚಿತ್ರಕ್ಕೇ ಮಾತಾಡಲು ಕಲಿತೆ. ‘ಈ ನವಿಲಿನ ಕಾಲು ಉದ್ದ ಅದ’ ಅಂದರೆ ಅವಳಿಗೆ ತೊಂದರೆಯಿಲ್ಲ.

43 ಹುಕುಂ

ಒಂದು ದಿನ ತಾಯಿಗೆ ಹೇಳಿದೆ, ಎದ್ದಾಗಿನಿಂದ ಶಾಲೆಗೆ ಹೋಗುವವರೆಗೆ ತಂಗಿಗೆ ಎಷ್ಟು ಸಲ ಏನು ಹೇಳುತ್ತೀರಿ, ಗೆರೆ ಎಳೆಯುತ್ತಾ ಹೋಗಿ ಅಂತ. ಏಳು, ಹಾಸಿಗೆ ಮಡಚು, ಬ್ರಷ್ ತಗೋ, ನೀರು ಚೆಲ್ಲಬೇಡ, ಲಗೂ ಉಣ್ಣು. ಒಂದೂವರೆ ಗಂಟೆಯಲ್ಲಿ 43 ಗೆರೆ. ತಾಯಿ ಆ ಹಾಳೆ ನೋಡಿ ‘ನನಗ ಯಾರರೆ ಹಿಂಗ ಅಂದ್ರ ನಾನೂ ಕಚ್ತಿದ್ದೆ’ ಅಂದರು. ನಾವು ಭೇಟಿಯಾದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆ 43ನ್ನು ತೊಗರಿ ಹಸನು ಮಾಡಿದಂತೆ ಕೂತು ಬೇರೆ ಮಾಡಿದೆವು. ಬಿಡಲಿಕ್ಕೇ ಆಗದ್ದು ಯಾವುದು? ರಸ್ತೆ ದಾಟುವಾಗ ಕೈ ಹಿಡಿಯುವುದು, ಗ್ಯಾಸ್ ಒಲೆ ಮುಟ್ಟದಿರುವುದು, ಇನ್ನೊಬ್ಬರಿಗೆ ಪೆಟ್ಟು ಮಾಡದಿರುವುದು, ಜ್ವರ ಬಂದರೆ ಔಷಧಿ. ಇಷ್ಟೇ ನಾಲ್ಕು. ಹಲ್ಲು, ಸ್ನಾನ, ಊಟ, ಶಾಲೆ ಬೇಕು, ಆದರೆ ಹೇಗೆ, ಯಾವಾಗ ಎಂಬುದು ಅವಳ ಕೈಯಲ್ಲಿರಬಹುದು. ಉಳಿದದ್ದೆಲ್ಲ ಸುಮ್ನೆ ಬಿಡುವಂಥದ್ದು. ಹಾಸಿಗೆ ಮಡಚದಿದ್ದರೆ ಆಕಾಶ ಬೀಳುವುದಿಲ್ಲ. ಜಡೆಯದು ದೊಡ್ಡ ಚರ್ಚೆಯಾಯಿತು. ಕೊನೆಗೆ ಕೂದಲನ್ನು ಭುಜದವರೆಗೆ ಕತ್ತರಿಸಿದರು. ಅದೂ ಅವಳೇ ಕನ್ನಡಿ ಮುಂದೆ ನಿಂತು, ಎಲ್ಲಿಯವರೆಗೆ ಅಂತ ಬೆರಳಿಟ್ಟು ತೋರಿಸಿದ ಮೇಲೆ. ಹೆಣ್ಣುಮಗುವಿನ ಕೂದಲು ಕತ್ತರಿಸಿದರು ಅಂತ ಸಂಬಂಧಿಕರು ಒಂದು ತಿಂಗಳು ಮಾತಾಡಿದರು.

ಮಾತಿನ ರೀತಿ ಬದಲಿಸುವುದು ಇದಕ್ಕಿಂತ ಕಷ್ಟವಾಯಿತು. ನಮ್ಮ ಭಾಷೆಯಲ್ಲಿ ಮಕ್ಕಳೊಂದಿಗೆ ಆಡುವ ಮಾತಿನ ಮುಕ್ಕಾಲು ಪಾಲು ‘ಮಾಡು, ತಗೋ, ಬಾ’. ಮೆತ್ತಗೆ ಹೇಳಿದರೆ ಸಾಕು ಅಂದುಕೊಂಡು ತಾಯಿ ‘ಬಾರವ್ವಾ, ನಮ್ಮ ಬಂಗಾರ’ ಅಂದು ನೋಡಿದರು. ಸಕ್ಕರೆ ಹಚ್ಚಿದರೂ ಹುಕುಂ ಹುಕುಮ್ಮೇ. ‘ಹೋಗಮು, ಮಾಡಮು’ ಅಂತ ಕೂಡಿಸಿಕೊಂಡು ಹೇಳಿದರೂ ಅವಳ ಕಿವಿಗೆ ಅದು ಗೊತ್ತಾಗುತ್ತಿತ್ತು. ಕೊನೆಗೆ ಸರಿಹೋದದ್ದು ಸುದ್ದಿ ಹೇಳಿದಂತೆ ಹೇಳಿ ಅಲ್ಲಿಂದ ಸರಿಯುವುದು. ‘ನೀರು ಕಾದಾವ’ ಅಂತ ಗಾಳಿಗೆ ಹೇಳಿ ತಾಯಿ ಮಷಿನ್ ಮುಂದೆ ಕೂರುತ್ತಿದ್ದರು. ಐದು ನಿಮಿಷಕ್ಕೋ ಹದಿನೈದು ನಿಮಿಷಕ್ಕೋ ಬಚ್ಚಲಿಂದ ತಂಬಿಗೆ ಸದ್ದು ಬರುತ್ತಿತ್ತು. ಕೆಲವು ದಿನ ಬರುತ್ತಲೇ ಇರಲಿಲ್ಲ. ನಿಂತು ಕಾಯುವುದೂ, ಗಡಿಯಾರ ನೋಡುವುದೂ ಅವಳಿಗೆ ಒತ್ತಾಯವೇ. ಹಾಗಾಗಿ ಸರಿದುಹೋಗುವುದು ಮುಖ್ಯ. ಸುಮ್ನೆ ನಟಿಸಿದರೆ ಅವಳಿಗೆ ತಿಳಿದುಬಿಡುತ್ತದೆ. ಆಗದಿದ್ದರೆ ಇವತ್ತು ಬೇಡ ಅಂತ ಮನಸ್ಸಿನಲ್ಲಿ ನಿಜವಾಗಿಯೂ ಬಿಟ್ಟಿರಬೇಕು.

ಆಯಿಗೆ ಇದನ್ನು ಯಾರೂ ಕಲಿಸಲಿಲ್ಲ. ಉಣ್ಣಲು ಕರೆದರೆ ತಂಗಿ ಬರುವುದಿಲ್ಲ. ಆಯಿ ತಮ್ಮ ತಾಟು ತಂದು ಅವಳಿಂದ ಎರಡು ಮಾರು ದೂರ ಕೂತು, ಕಟಿ ರೊಟ್ಟಿ ಹಿಡಿದು ‘ಈ ರೊಟ್ಟಿ ನನಗ ಮುರಿಲಾಕ ಬರವಲ್ದು. ಹಲ್ಲಿಲ್ಲ, ಕೈಯಾಗ ಬಲ ಇಲ್ಲ’ ಅಂತ ತಮಗೆ ತಾವೇ ಗೊಣಗುತ್ತಿದ್ದರು. ತಂಗಿ ಬಂದು ಮುರಿದುಕೊಡುತ್ತಿದ್ದಳು. ಒಂದು ತುಂಡು ಆಯಿಗೆ, ಒಂದು ತುಂಡು ಶೇಂಗಾ ಹಿಂಡಿ ಹಚ್ಚಿ ತನ್ನ ಬಾಯಿಗೆ. ಮೊಸರು ಮುಗಿಯುವವರೆಗೂ ಯಾರೂ ‘ಉಣ್ಣು’ ಅನ್ನಲಿಲ್ಲ.

ಆಟವೂ ಒಂದು ದಾರಿ. ಬೆಕ್ಕಿನ ಕಾಲ ಮುಗಿದು ಕಂಡಕ್ಟರ್ ಕಾಲ ಬಂತು. ಹೆಗಲಿಗೆ ಅವ್ವನ ಹಳೆ ಚೀಲ, ಕೈಯಲ್ಲಿ ಹರಿದ ಕಾಗದದ ಟಿಕೆಟ್. ತಂಗಿಗೆ ಹೇಳಿದರೆ ಚಪ್ಪಲಿ ಹಾಕಲು ನೀಗುವುದಿಲ್ಲ. ಕಂಡಕ್ಟರ್‌ಗೆ ಮಾತ್ರ ಬಸ್ ಬಿಡುವ ಹೊತ್ತಾಗಿರುತ್ತದೆ. ಅವರೇ ಚಪ್ಪಲಿ ಹಾಕಿಕೊಂಡು ‘ಆಳಂದ, ಆಳಂದ, ಯಾರ್ರೀ ಆಳಂದ!’ ಅಂತ ಮನೆಯವರನ್ನೆಲ್ಲ ಹೊರಡಿಸುತ್ತಾರೆ. ವೇಷದಲ್ಲಿ ಹಿಡಿತ ಅವಳದು, ಅದಕ್ಕೇ ಸಲೀಸು. ಇದನ್ನೇ ದಿನವೂ ಬಳಸೋಣ ಅಂತ ನಾವು ಹೊರಟರೆ ಒಂದು ವಾರದಲ್ಲಿ ಆಟ ಸತ್ತುಹೋಗುತ್ತದೆ. ಒಮ್ಮೆ ಅಪ್ಪ ‘ಕಂಡಕ್ಟರ್ ಸಾಹೇಬ್ರು ಹೋಮ್‌ವರ್ಕ್ ಮಾಡಂಗಿಲ್ಲೇನು?’ ಅಂದರು. ಚೀಲ ಮೂಲೆಗೆ ಬಿತ್ತು. ಹನ್ನೊಂದು ದಿನ ಬಸ್ ಬಂದ್.

ಅಪ್ಪ, ಅಣ್ಣ, ಶಾಲೆ

ಅಪ್ಪ ಒಪ್ಪಲು ನಾಲ್ಕು ತಿಂಗಳು ಹಿಡಿಯಿತು. ‘ಹಿಂಗ ಬಿಟ್ರ ನಾಳೆ ಯಾರ ಮಾತು ಕೇಳ್ತಾಳ?’ ಅನ್ನುವುದು ಅವರ ಪ್ರಶ್ನೆ. ತಪ್ಪು ಪ್ರಶ್ನೆಯಲ್ಲ. ನಾನು ವಾದ ಮಾಡಲಿಲ್ಲ. ಹೊಡೆದ ದಿನ ಎಷ್ಟು, ಆ ದಿನಗಳಲ್ಲಿ ಅವಳು ಹೇಳಿದ್ದು ಮಾಡಿದ್ದು ಎಷ್ಟು ಅಂತ ಬರೆದಿಡಿ ಅಂದೆ. ಲೆಕ್ಕದವರು, ಬರೆದರು. ತಿಂಗಳ ಕೊನೆಗೆ ಚೀಟಿ ತೋರಿಸದೆ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕೈ ಎತ್ತಿಲ್ಲ ಅಂತ ತಾಯಿ ಹೇಳಿದರು.

ಅಣ್ಣನದು ನನಗೆ ಇವತ್ತಿಗೂ ಪೂರ್ತಿ ಬಗೆಹರಿಯದ ವಿಷಯ. ‘ನಾ ಹಾಸಿಗಿ ಮಡಚಲಿಲ್ಲಂದ್ರ ಬೈತೀರಿ, ಆಕಿಗಿ ಯಾಕ ಬಿಡ್ತೀರಿ?’ ಅಂದ. ಅವನ ತಂಗಿಯ ಆತಂಕದ ಬಗ್ಗೆ ಹೇಳಿದೆ, ಕೇಳಿಸಿಕೊಂಡ. ಆದರೆ ಹದಿನಾಲ್ಕರ ಹುಡುಗನಿಗೆ ಅನ್ಯಾಯ ಅನ್ಯಾಯವೇ. ಶನಿವಾರ ಸಂಜೆ ಅಪ್ಪನ ಜೊತೆ ಅವನೊಬ್ಬನೇ ಸೂಪರ್ ಮಾರ್ಕೆಟ್ ಕಡೆ ತಿರುಗಾಡಿ ಬರುವುದು ಅಂತ ಮಾಡಿದೆವು. ಸ್ವಲ್ಪ ತಣ್ಣಗಾಗಿದ್ದಾನೆ, ಅಷ್ಟೇ.

ತಾಯಿಯ ದಣಿವಿನ ಬಗ್ಗೆ ಯಾರೂ ಕೇಳಿರಲಿಲ್ಲ. ಒಂದು ರಾತ್ರಿ ಎಲ್ಲ ಮಲಗಿದ ಮೇಲೆ ಅವರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದರು. ಅದು ಸರ್ಕಾರದ ಉಚಿತ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ‘ಏನೂ ಹೇಳ್ಲಿಲ್ರಿ, ಬರೇ ಕೇಳಿದ್ರು. ಅಷ್ಟಾ ಬೇಕಾಗಿತ್ತು’ ಅಂದರು.

ಶಾಲೆಯವರ ಜೊತೆ ಎರಡು ಸಲ ಕೂತೆವು. ಮೊದಲ ಸಲ ಕೆಟ್ಟಿತು. ‘ಒಬ್ಬಾಕಿಗಿ ಬಿಟ್ರ ನಲವತ್ತು ಮಂದಿ ಕೇಳ್ತಾರ’ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡುವುದು ದಯೆಯ ಮಾತಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಜೋರು ಮಾಡಬಾರದಿತ್ತು. ಎರಡನೇ ಸಲ ತಾಯಿ ಒಬ್ಬರೇ ಮಾತಾಡಿದರು. ಮನೆಯಲ್ಲಿ ತಂಗಿ ಮಂಚದ ಕೆಳಗಿದ್ದಾಗ ದೂರದಿಂದ ಅಣ್ಣ ಮೊಬೈಲಲ್ಲಿ ಮಾಡಿದ್ದ ಬರೀ ದನಿಯ ರೆಕಾರ್ಡಿಂಗ್ ಕೇಳಿಸಿದರು. ಕ್ಲಾಸ್ ಟೀಚರ್ ಅರ್ಧಕ್ಕೇ ಸಾಕು ಅಂದರು. ಮಗುವಿನ ಗೋಳನ್ನು ಹೀಗೆ ಇನ್ನೊಬ್ಬರಿಗೆ ಕೇಳಿಸುವುದು ಸರಿಯಾ ಅಂತ ನನಗೆ ಈಗಲೂ ಅನುಮಾನವಿದೆ. ಆ ದಿನ ಅದರಿಂದಲೇ ಕೆಲಸವಾಯಿತು.

ಒಪ್ಪಿಕೊಂಡದ್ದು ದೊಡ್ಡದೇನಲ್ಲ. ಬಾಗಿಲ ಹತ್ತಿರದ ಜಾಗ. ಕೇಳದೆಯೇ ಎದ್ದು ನೀರು ಕುಡಿದು ಬರಬಹುದು. ದೀಪಾವಳಿವರೆಗೆ ಹೋಮ್‌ವರ್ಕ್ ಇಲ್ಲ. ಎಲ್ಲರ ಮುಂದೆ ನಿಲ್ಲಿಸಿ ಓದಿಸುವುದಿಲ್ಲ. ಲೆಕ್ಕ ಐದಿದ್ದರೆ ಯಾವ ಮೂರು ಮಾಡುವುದು ಅವಳಿಷ್ಟ. ಹದಿನೈದು ದಿನಕ್ಕೆ ಸಂಜೆಯ ರಂಪ ಕಡಿಮೆಯಾಯಿತು. ಶಾಲೆಯಲ್ಲಿ ಮಾತ್ರ ಮೊದಲ ಸಲ ಟೀಚರಿಗೆ ‘ಒಲ್ಲೆ’ ಅಂದಳು. ಅವರು ಗಾಬರಿಯಾಗಿ ಫೋನ್ ಮಾಡಿದರು. ನನಗೆ ಸಂತೋಷವಾಯಿತು. ಕಾವು ಅಲ್ಲೇ ಸ್ವಲ್ಪ ಬಿಡುತ್ತಿತ್ತು.

ಈಗ ಹತ್ತು ತಿಂಗಳಾಗಿದೆ. ಕಚ್ಚುವುದು ನಿಂತಿದೆ. ಎಸೆಯುವುದು ನಿಂತಿಲ್ಲ. ವಾರಕ್ಕೆ ನಾಲ್ಕು ದಿನ, ಕೆಲವು ವಾರ ಐದು ದಿನ ಶಾಲೆಗೆ ಹೋಗುತ್ತಾಳೆ. ಏಪ್ರಿಲಿನಲ್ಲಿ ಸೋದರಮಾವನ ಮದುವೆಗೆ ಹೋಗಿ, ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಮೂರು ಗಂಟೆ ಕೂತು, ಒಳಗೆ ಬರದೆ ವಾಪಸ್ ಬಂದಳು. ಆಯಿ ಅಕ್ಷತೆ ಹಾಕಿ ಬಂದು ಅವಳ ಪಕ್ಕದಲ್ಲೇ ಕೂತಿದ್ದರು. ಅಪ್ಪನ ಕೆರೆಗೆ ಇಲ್ಲಿಯವರೆಗೆ ಎರಡು ಸಲ ಹೋಗಿದ್ದಾರೆ, ಎರಡೂ ಸಲ ಮೊದಲೇ ಹೇಳದೆ. ನನ್ನ ಕೋಣೆಗೆ ಒಂದು ವಾರ ಬಂದರೆ ಎರಡು ವಾರ ಬರುವುದಿಲ್ಲ.

ಜೂನ್‌ನಲ್ಲಿ ಹೊಸ ಕ್ಲಾಸು, ಹೊಸ ಟೀಚರ್. ಅವರಿಗೆ ಕೊಡಲೆಂದು ತಾಯಿ ಒಂದು ಹಾಳೆ ಬರೆಯುತ್ತಿದ್ದಾರೆ. ‘ನಿನ್ನ ಬಗ್ಗೆ ಏನು ಬರೀಲಿ?’ ಅಂತ ಅಭ್ಯಾಸಬಲದಿಂದ ಕೇಳಿಬಿಟ್ಟರಂತೆ. ‘ಬೆಕ್ಕಿಗಿ ಬರಿಲಾಕ ಬರಂಗಿಲ್ಲ’ ಅಂತ ಹೇಳಿ ತಂಗಿ ಹೊರಗೆ ಹೋದಳು. ತಾಯಿ ಎರಡು ಸಾಲು ಬರೆದು ಹಾಳೆಯನ್ನು ಹೊಲಿಗೆ ಮಷಿನ್ ಮೇಲೆ ಬಿಟ್ಟರು, ಪೆನ್ನನ್ನೂ. ಬೆಳಿಗ್ಗೆ ನೋಡಿದರೆ ಕೆಳಗೆ ಸೊಟ್ಟ ಅಕ್ಷರದಲ್ಲಿ ಮೂರನೇ ಸಾಲು ಇತ್ತು: ‘ತಲಿ ಮುಟ್ಟಬ್ಯಾಡ್ರಿ. ಆಳಂದ ಬಸ್ ಬಗ್ಗೆ ಕೇಳ್ರಿ.’